ಒದ್ದೆಯಾಗದ ಪುಟ

ಮಾರ್ಚ್ 4

ಕಪ್ಪೆಮರಿಗೆ,

ಎಂಟು ತಿಂಗಳ ಮೇಲೆ ನಿನ್ನ ಕಾಗದ ಬಂತು ಎಂದು ಬರೆಯಲೇಬಾರದು ಅಂದುಕೊಂಡು ಕೂತವನು ಮೊದಲ ಸಾಲಿನಲ್ಲೇ ಬರೆದುಬಿಟ್ಟೆ. ಹೋಗಲಿ. ಅಂಚೆಯವನು ಅದನ್ನು ಕೆಳಗಿನ ಟೈಲರಮ್ಮನ ಅಂಗಡಿಯಲ್ಲಿ ಕೊಟ್ಟು ಹೋಗಿದ್ದ. ನನ್ನ ಈ ಎರಡು ಬಾಡಿಗೆ ಕೋಣೆಗಳಿಗೆ ಅವಳ ಅಂಗಡಿಯೊಳಗಿಂದಲೇ ಮೆಟ್ಟಿಲು ಹತ್ತಬೇಕಲ್ಲ, ನನ್ನ ಟಪಾಲು, ನನ್ನ ಕೊಡೆ, ನನ್ನ ಕೆಮ್ಮು ಎಲ್ಲಕ್ಕೂ ಅವಳದೇ ಪಹರೆ.

“ಮಗಳ ಕಾಗದ ಸಾಹೇಬ್ರೇ. ಮೇಲೆ ಹೋಗಿ ಓದ್ತೀರೋ, ಇಲ್ಲೇ ಓದ್ತೀರೋ?”

“ಇದು ಪರ್ಸನಲ್ ಕರೆಸ್ಪಾಂಡೆನ್ಸು ಕಣಮ್ಮ” ಎಂದೆ.

“ಅದಕ್ಕೇ ಕೇಳಿದ್ದು. ಇಲ್ಲೇ ಓದಿ, ನಂಗೂ ಕೇಳ್ಸತ್ತೆ.”

ಮೇಲೆ ಬಂದು ಓದಿದೆ. ಹೋಪಿಂಗ್ ದಿಸ್ ಲೆಟರ್ ಫೈಂಡ್ಸ್ ಯು ಇನ್ ದಿ ಪಿಂಕ್ ಆಫ್... ಮುಂದಿನದು ಮರೆತಿದೆ. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಹತ್ತು ಸಲ ಬರೆಸಿದ್ದರು. ಆರೋಗ್ಯಕ್ಕೂ ಗುಲಾಬಿ ಬಣ್ಣಕ್ಕೂ ಏನು ಸಂಬಂಧವೋ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಒಟ್ಟಿನಲ್ಲಿ ನೀನು ಚೆನ್ನಾಗಿರಬೇಕು. ದಿನವಿಡೀ ಕೆಸರಿನಲ್ಲಿ ನಿಲ್ಲುವವಳು, ಮೊಣಕಾಲು ಹೇಗಿದೆ?

ಫೋನು ಮಾಡಲೇ ಎಂದು ಕೇಳಿದ್ದೀಯ. ಬೇಡ. ನನ್ನ ಕಿವಿ ಈಗ ಗೋಡೆಗೆ ಸಮ. ಕಾಗದವಾದರೆ ಎರಡು ಸಲ ಓದಬಹುದು.

ಇನ್ನು ನಿನ್ನ ಪ್ರಶ್ನೆ. ನೀನು ಕಾವಲಿರುವ ಆ ಜೌಗಿಗೆ ನಗರಸಭೆಯವರು ಮಣ್ಣು ತುಂಬಿಸಿ ಲಾರಿ ನಿಲ್ದಾಣ ಮಾಡಲು ಹೊರಟಿದ್ದಾರೆ, ಆಗಸ್ಟಿನಲ್ಲಿ ವಿಚಾರಣೆಯಿದೆ, ಅವರ ಕೈಯಲ್ಲಿರುವ ದೊಡ್ಡ ಆಧಾರವೆಂದರೆ ಮೂವತ್ತನಾಲ್ಕು ವರ್ಷದ ಹಿಂದಿನ ಮೋಜಣಿ ಹಾಳೆ. ಅದರಲ್ಲಿ ‘ನಿರುಪಯುಕ್ತ ಭೂಮಿ, ಮಳೆಗಾಲದಲ್ಲೂ ನೀರು ನಿಲ್ಲುವುದಿಲ್ಲ’ ಎಂದಿದೆ. ಸಹಿ ಇದ್ದ ಮೂಲೆಯನ್ನು ಗೆದ್ದಲು ತಿಂದಿದೆ. “ಆಗ ನೀನು ಇದೇ ಊರಿನ ಕಚೇರಿಯಲ್ಲಿದ್ದೆಯಲ್ಲ ಅಪ್ಪ, ಅಳೆದವರು ಯಾರು?” ಎಂದು ಕೇಳಿದ್ದೀಯ.

ಆಗ ನಾವು ಆರು ಜನ ಮೋಜಣಿದಾರರಿದ್ದೆವು. ಒಬ್ಬ ಸದಾ ರಜೆಯ ಮೇಲೆ. ಒಬ್ಬನಿಗೆ ಹಾವು ಎಂದರೆ ಆಗದು, ಹುಲ್ಲು ಕಂಡರೆ ನಿಂತುಬಿಡುತ್ತಿದ್ದ. ಇನ್ನೊಬ್ಬ ಸರಪಳಿ ಹಿಡಿದುಕೊಂಡೇ ಹಾಡು ಹೇಳುತ್ತಿದ್ದ. ಅಷ್ಟು ಹಳೆಯ ಮಾತು, ಯಾರು ಎಂದು ಹೇಗೆ ಹೇಳಲಿ? ಗೆದ್ದಲನ್ನೇ ಕೇಳಬೇಕು.

ಇಲ್ಲಿ ಬಿಸಿಲು ಜೋರು. ನೀರು ಕುಡಿಯುತ್ತಿರು.

ನಿನ್ನ ಅಪ್ಪ

*

ಮಾರ್ಚ್ 19

ಅಪ್ಪಾ,

ಮೊದಲೇ ಹೇಳುತ್ತೇನೆ, ಈ ಕಾಗದದಲ್ಲಿ ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ಸು ಕಳಿಸಬೇಡ, ಹಾಸ್ಟೆಲ್ಲಿಗೆ ಕಳಿಸುತ್ತಿದ್ದ ಹಾಗೆ. ಇಡೀ ರೂಮಿನ ಹುಡುಗಿಯರು ನಿನ್ನ ತಿದ್ದುಪಡಿಗಾಗಿ ಕಾಯುತ್ತಿದ್ದರು.

ಎಂಟು ತಿಂಗಳು ನಾನು ಯಾಕೆ ಬರೆಯಲಿಲ್ಲ ಎನ್ನುವುದು ನಿನಗೆ ಗೊತ್ತಿದೆ. ‘ನಿರುಪಯುಕ್ತ ಕೆಸರಿಗೆ ಒಬ್ಬ ಕಾವಲುಗಾರ್ತಿ ಬೇರೆ ಕೇಡು’ ಅಂದಿದ್ದೆ. ಅಮ್ಮ ಇದ್ದಿದ್ದರೆ ಆ ಮಾತು ನಿನ್ನ ಬಾಯಿಂದ ಪೂರ್ತಿ ಹೊರಗೆ ಬರಲು ಬಿಡುತ್ತಿರಲಿಲ್ಲ. ಆ ಕೆಸರು ಹೇಗಿದೆ ಎಂದು ನೀನು ನೋಡಿದ್ದರೆ ತಾನೆ? ಅದಕ್ಕೇ ಹೇಳುತ್ತೇನೆ, ಕೇಳು.

ಇಲ್ಲಿ ಜೊಂಡು ಕೊಯ್ಯುವ ಹೆಂಗಸರು ಇಪ್ಪತ್ತು ಜನ ಇದ್ದಾರೆ. ಚಾಪೆ, ಬುಟ್ಟಿ ಎಲ್ಲ ಅದರಿಂದಲೇ. ಅವರ ಮುಖಂಡಳಿಗೆ ಎಪ್ಪತ್ತು ದಾಟಿದೆ, ಎಲ್ಲರೂ ಕುಡುಗೋಲಜ್ಜಿ ಎನ್ನುತ್ತಾರೆ. ಅವರು ಜೊಂಡನ್ನು ಒಂದೇ ಕಡೆಯಿಂದ ಬೋಳಿಸುವುದಿಲ್ಲ. ಒಂದು ಪಟ್ಟಿ ಕೊಯ್ದರೆ ಪಕ್ಕದ ಪಟ್ಟಿ ಹಾಗೇ ಬಿಡುತ್ತಾರೆ. ನಡುವೆ ನೀರುಕೋಳಿಯ ಗೂಡು ಕಂಡರೆ ಅದರ ಸುತ್ತ ನಾಲ್ಕು ದಂಟಿಗೆ ಬಟ್ಟೆಚೂರು ಕಟ್ಟುತ್ತಾರೆ. ಆ ಚೂರು ಕಂಡಲ್ಲಿ ಯಾರ ಕುಡುಗೋಲೂ ಹೋಗುವುದಿಲ್ಲ. ಮರಿ ಹಾರಿದ ಮೇಲೆ ಕಟ್ಟಿದವಳೇ ಹೋಗಿ ಬಿಚ್ಚಬೇಕು. “ಯಾಕಜ್ಜಿ, ಬೇರೆಯವರು ಬಿಚ್ಚಬಾರದಾ?” ಎಂದು ಕೇಳಿದೆ. “ಕಟ್ಟೋದು ಸುಲಭ ಕಣೇ, ಹೋಗಿ ನೋಡೋದು ಕಷ್ಟ. ಬಿಚ್ಚೋಕೆ ಅಂತಾದ್ರೂ ಹೋಗ್ತೀವಿ” ಅಂದಳು.

ಇಲಾಖೆ ನನಗೆ ಕಲಿಸಿದ್ದಕ್ಕಿಂತ ಹೆಚ್ಚನ್ನು ಅವಳು ಕಲಿಸಿದ್ದಾಳೆ. ಈಗ ಗೂಡಿನ ಕಾಲ. ಬಟ್ಟೆಚೂರು ಮುಗಿದಿವೆ. ನಿಮ್ಮ ಟೈಲರಮ್ಮನ ಅಂಗಡಿಯಲ್ಲಿ ಕತ್ತರಿಸಿ ಬಿಟ್ಟದ್ದು ಸಿಗುತ್ತದೆಯಾ?

ಮತ್ತೆ, ಆ ಆರು ಜನರಲ್ಲಿ ಯಾರಾದರೂ ಬದುಕಿದ್ದಾರಾ ವಿಚಾರಿಸು. ಅವರ ಅಳತೆ ಪುಸ್ತಕ ಸಿಕ್ಕಿದರೆ ಏನಾದರೂ ಮಾಡಬಹುದು. ಸಿಗದಿದ್ದರೆ ಸೆಪ್ಟೆಂಬರಿನಲ್ಲಿ ಮಣ್ಣಿನ ಲಾರಿಗಳು ಬರುತ್ತವೆ.

ಕಪ್ಪೆಮರಿ

*

ಏಪ್ರಿಲ್ 11

ಕಪ್ಪೆಮರಿಗೆ,

ಬಟ್ಟೆಚೂರಿನ ಗಂಟು ಬೇರೆ ಪಾರ್ಸಲ್ಲಿನಲ್ಲಿ ಬರುತ್ತಿದೆ. ವಿಷಯ ಹೇಳಿದ್ದೇ ತಡ, ಟೈಲರಮ್ಮ ಕತ್ತರಿ ಕೆಳಗಿಟ್ಟಳು. “ಹಕ್ಕಿಗೂಡಿಗಾ? ಮೊದ್ಲೇ ಹೇಳ್ಬಾರ್ದಾ? ಇರಿ, ಚೆನ್ನಾಗಿರೋದೇ ಕೊಡ್ತೀನಿ” ಎಂದು ಮದುವೆ ರವಿಕೆಗಳ ಚೂರನ್ನೆಲ್ಲ ಆರಿಸಿ ತುಂಬಿದಳು. ಮಿಣಮಿಣ ಮಿಂಚುತ್ತವೆ. ನಾನು ಬೇಡ ಅನ್ನಲಿಲ್ಲ. ಕತ್ತರಿ ಹಿಡಿದ ಹೆಂಗಸಿನ ಎದುರು ವಾದ ಮಾಡಬಾರದು ಎನ್ನುವಷ್ಟು ಜ್ಞಾನ ನನಗೆ ನಿನ್ನಮ್ಮನಿಂದಲೇ ಬಂದಿದೆ.

ಪಟ್ಟಿ ಬಿಟ್ಟು ಪಟ್ಟಿ ಕೊಯ್ಯುವ ಆ ಕ್ರಮವನ್ನು ಕಾಗದದ ಮೇಲೆ ಗೆರೆ ಎಳೆದು ನೋಡಿದೆ. ಭಲೇ ಅನ್ನಿಸಿತು. ಸರಪಳಿ, ಕೋಲು ಏನೂ ಇಲ್ಲದೆ ಅಷ್ಟು ನೇರವಾಗಿ ಹಂಚಿಕೊಂಡಿದ್ದಾರಲ್ಲ! ನಮ್ಮ ಕಚೇರಿಯಲ್ಲಿ ಎರಡು ಹೊಲಗಳ ನಡುವೆ ಒಂದು ಗೆರೆ ಎಳೆಯುವುದಕ್ಕೆ ಮೂರು ವರ್ಷ ಹಿಡಿಯುತ್ತಿತ್ತು.

ಜೌಗು ಅಳೆಯುವುದಕ್ಕೆ ನಮ್ಮಲ್ಲಿ ಒಂದು ನಿಯಮವಿತ್ತು, ನಿನಗೆ ಉಪಯೋಗವಾದೀತು. ಒಂದು ಸಲ ಬೇಸಿಗೆಯಲ್ಲಿ, ಒಂದು ಸಲ ಮಳೆಗಾಲದಲ್ಲಿ, ಅವೇ ಗುರುತುಗಳಲ್ಲಿ ನಿಂತು ನೀರಿನ ಆಳ ಬರೆಯಬೇಕು. ಎರಡೂ ಸೇರಿದರೇನೇ ಆ ನೆಲದ ಹಣೆಬರಹ. ಬರೆಯುವುದು ಪೆನ್ಸಿಲ್ಲಿನಲ್ಲಿ. ಅಳಿಸುವಂತಿಲ್ಲ. ತಪ್ಪಾದರೆ ಒಂದೇ ಗೀಟು ಹೊಡೆದು ಪಕ್ಕದಲ್ಲಿ ಸರಿಯಾದ್ದು ಬರೆಯಬೇಕು. ನನ್ನನ್ನು ಅಂಗುಲ ಸಾಹೇಬರು ಅನ್ನುತ್ತಿದ್ದರಲ್ಲ, ಅದು ಸುಮ್ಮನೆ ಬಂದ ಹೆಸರಲ್ಲ. ನಿವೃತ್ತಿಯ ದಿನ ಹಿತ್ತಾಳೆಯ ಫಲಕದ ಮೇಲೆ ‘ಅಂಗುಲ ತಪ್ಪದವರು’ ಎಂದು ಕೆತ್ತಿಸಿ ಕೊಟ್ಟರು. ಫಲಕ ಅರ್ಧ ಅಂಗುಲ ಸೊಟ್ಟಗಿತ್ತು ಎನ್ನುವುದು ಬೇರೆ ಮಾತು.

ಹಳೆಯ ಬಟ್ಟೆ ಇದ್ದರೆ ಅದನ್ನೂ ಕಳಿಸೋಣ ಎಂದು ನಿನ್ನಮ್ಮನ ಟ್ರಂಕು ತೆಗೆದೆ. ಸೀರೆಗಳ ಅಡಿಯಲ್ಲಿ ನನ್ನದೊಂದು ಹಳೆಯ ಅಳತೆ ಪುಸ್ತಕ ಇತ್ತು. ಎಷ್ಟೋ ವರ್ಷದ ಹಿಂದೆ ನಾನೇ ರದ್ದಿಗೆ ಹಾಕಿದ್ದು. ಅವಳು ಯಾವಾಗ ಎತ್ತಿಟ್ಟಳೋ. ಬಿಚ್ಚಲಿಲ್ಲ. ಸೀರೆಯೂ ಒಂದನ್ನೂ ತೆಗೆಯಲಿಲ್ಲ. ಮುಚ್ಚಿ ಮೇಲೆ ಕೂತೆ, ಟ್ರಂಕಿನ ಮುಚ್ಚಳ ಸರಿಯಾಗಿ ಕೂರಲಿ ಎಂದು.

ನಾನು ಪ್ರೆಸಿಯಲ್ಲಿ ಯಾವಾಗಲೂ ಫೇಲು. ಮೂರು ಪುಟವನ್ನು ಒಂದು ಪುಟ ಮಾಡು ಎಂದರೆ ಐದು ಪುಟ ಮಾಡುತ್ತಿದ್ದೆ. ಇಲ್ಲಿಗೆ ನಿಲ್ಲಿಸುತ್ತೇನೆ. ಆ ಐದು ಜನರಲ್ಲಿ ಯಾರೂ ಈಗ ಇಲ್ಲ.

ನಿನ್ನ ಅಪ್ಪ

*

ಏಪ್ರಿಲ್ 30

ಅಪ್ಪಾ,

ಪಾರ್ಸಲ್ಲು ಬಿಚ್ಚಿದಾಗ ಇಪ್ಪತ್ತು ಜನರೂ ಸುತ್ತ ನಿಂತಿದ್ದರು. ಕುಡುಗೋಲಜ್ಜಿ ಒಂದು ಜರಿಯ ಚೂರು ಎತ್ತಿ ಬಿಸಿಲಿಗೆ ಹಿಡಿದು, “ಇದೇನೇ, ನೀರುಕೋಳಿಗೆ ಮದ್ವೆ ನಿಶ್ಚಯ ಆಗಿದ್ಯಾ?” ಅಂದಳು. ನಕ್ಕು ನಕ್ಕು ಒಬ್ಬಳು ನೀರಿಗೇ ಬಿದ್ದಳು.

ಕೆಂಪು, ಮಿಂಚು ಎರಡೂ ಆಗದು. ಮೇಲಿನಿಂದ ಹದ್ದಿಗೆ ಕಾಣುತ್ತದೆ, ಗೂಡಿಗೆ ನಾವೇ ದಾರಿ ತೋರಿಸಿದ ಹಾಗೆ. ಮಾಸಲು ನೀಲಿ, ಬೂದು ಇದ್ದರೆ ಕಳಿಸಲಿ. ಟೈಲರಮ್ಮ ಬೇಜಾರು ಮಾಡಿಕೊಳ್ಳುವುದು ಬೇಡ, ಆ ಚೂರುಗಳನ್ನೆಲ್ಲ ಹೆಂಗಸರು ಹಂಚಿಕೊಂಡಿದ್ದಾರೆ. ಈಗ ಇಲ್ಲಿ ಕುಡುಗೋಲಿನ ಹಿಡಿಗೂ ಜರಿಯಂಚು.

ನಿನ್ನ ಹಿಂದಿನ ಕಾಗದದ ಕೊನೆಯ ಸಾಲನ್ನು ಮತ್ತೆ ಓದಿದೆ. ಮೋಜಣಿದಾರರು ಆರು ಜನ ಅಂದಿದ್ದೆ. ಈಗ ಐದು ಜನ ಇಲ್ಲ ಅನ್ನುತ್ತೀಯ.

ಕಪ್ಪೆಮರಿ

*

ಜುಲೈ 6

ಅಪ್ಪಾ,

ಎರಡು ತಿಂಗಳಿಂದ ನೀನು ಬರೆದಿಲ್ಲ, ನೀಲಿ ಚೂರಿನ ಪಾರ್ಸಲ್ಲು ಮಾತ್ರ ಬಂತು. ನಾನು ಚೆನ್ನಾಗಿದ್ದೇನೆ. ಅದನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ನೀನು ಪೇಪರಿನಲ್ಲಿ ಓದಿರುತ್ತೀಯ.

ಮೇಲೆ ಬೆಟ್ಟದ ಕಡೆ ಮೂರು ದಿನ ಮಳೆ ಹಿಡಿದು ಸುರಿಯಿತು. ನಾಲ್ಕನೆಯ ದಿನ ಬೆಳಿಗ್ಗೆ ಹೊಳೆ ಕಂದು ಬಣ್ಣಕ್ಕೆ ತಿರುಗಿ, ದಡ ಮೀರಿ, ಜೌಗಿಗೆ ನುಗ್ಗಿತು. ನನ್ನ ಕಾವಲು ಮನೆ ಕಂಬಗಳ ಮೇಲಿದೆಯಲ್ಲ, ಅಲ್ಲೇ ನಿಂತು ನೋಡಿದೆ. ಜೊಂಡೆಲ್ಲ ಒಂದೇ ಸಲ ಮಲಗಿತು. ಹೋಯಿತು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ನೀರಿನ ಅಬ್ಬರ ಇಳಿದು ಒಂದೊಂದೇ ದಂಟು ತಲೆ ಎತ್ತಿತು. ಹೊಳೆ ಬಡಿಯುತ್ತಾ ಬಂದದ್ದು ಇಲ್ಲಿ ಬಂದು ಹರಡಿಕೊಂಡು ಸುಮ್ಮನಾಯಿತು. ನೀರುನಾಯಿಯೊಂದು ತನ್ನ ಮೂರು ಮರಿಗಳನ್ನು ಕತ್ತು ಕಚ್ಚಿ ತಂದು ಆಳೆತ್ತರದ ಹಳೆಯ ಗುರುತುಗಲ್ಲೊಂದರ ಮೇಲೆ ಕೂರಿಸಿತು. ನಿಮ್ಮ ಇಲಾಖೆಯ ಕಲ್ಲೇ, ಅಪ್ಪ. ಏಳು ಎಂದು ಕೆತ್ತಿದೆ.

ಪಕ್ಕದ ತಗ್ಗಿನ ಬೀದಿಯಲ್ಲಿ ಅರವತ್ತು ಮನೆ. ಜನ ಸಾಮಾನು ಅಟ್ಟಕ್ಕೆ ಏರಿಸಿ ಬಾಗಿಲಲ್ಲಿ ಕೂತಿದ್ದರು. ನೀರು ಎರಡನೆಯ ಮೆಟ್ಟಿಲ ತನಕ ಬಂತು, ನಿಂತಿತು. ಮೂರನೆಯದಕ್ಕೆ ಏರಲಿಲ್ಲ. ಕೆಳಗಿನ ಊರಿನವರು ಏಳು ವರ್ಷದ ಹಿಂದೆ ತಮ್ಮ ಜೌಗು ತುಂಬಿಸಿ ಅಂಗಡಿ ಸಾಲು ಕಟ್ಟಿಸಿದ್ದರು. ಅಲ್ಲಿ ನೀರು ಕಿಟಕಿಯ ಎತ್ತರಕ್ಕೆ ನಿಂತಿತ್ತು. ಜೊಂಡು ತರುವ ದೋಣಿಗಳನ್ನೇ ತೆಗೆದುಕೊಂಡು ನಮ್ಮ ಹೆಂಗಸರು ಹೋಗಿ ನೂರಾರು ಜನರನ್ನು ಶಾಲೆಗೆ ಕರೆತಂದರು. ಕುಡುಗೋಲಜ್ಜಿ ಹುಟ್ಟು ಹಾಕುವುದನ್ನು ನೀನು ನೋಡಬೇಕಿತ್ತು. ದೋಣಿಯಲ್ಲಿದ್ದ ಒಬ್ಬ ದಪ್ಪ ಮನುಷ್ಯ ಹೆದರಿ ಎದ್ದು ನಿಂತಾಗ, “ಕೂತ್ಕೊಳಪ್ಪ, ನಿನ್ ಎತ್ತರ ಎಷ್ಟಂತ ಎಲ್ರಿಗೂ ಗೊತ್ತಾಯ್ತು” ಅಂದಳು.

ಸಂಜೆ ಅವಳ ಜೊತೆ ದಡದ ಮೇಲೆ ಕೂತಿದ್ದೆ. “ನೋಡೇ, ಜೌಗು ಹೊಟ್ಟೆ ತುಂಬ ಕುಡ್ದು ಹೆಂಗೆ ಮಲ್ಗಿದೆ. ಇನ್ನು ಬೇಸಿಗೇಲಿ ನಮ್ ಬೀದಿ ಬಾವಿಗೆ ಸ್ವಲ್ಪ ಸ್ವಲ್ಪಾನೇ ಬಿಡತ್ತೆ” ಅಂದಳು. ಆಮೇಲೆ ಇನ್ನೊಂದು ಮಾತು ಹೇಳಿದಳು. ಅವಳು ಹೇಳಿದ ಹಾಗೇ ಬರೆಯುತ್ತೇನೆ. “ನಿಮ್ಮಪ್ಪ ಒಂದ್ ಬೇಸಿಗೇಲಿ ಬಂದಿದ್ರು, ಅಂಗುಲ ಸಾಹೇಬ್ರು. ಹನ್ನೊಂದು ಕಲ್ಲು ನೆಡ್ಸಿದ್ರು. ಮಳೇಲಿ ಬಂದು ನೀರು ಅಳೀತೀನಮ್ಮ ಅಂತ ಹೇಳಿ ಹೋದ್ರು. ನಾನು ದೋಣಿ ತೊಳ್ದು ಇಟ್ಕೊಂಡಿದ್ದೆ. ಬರ್ಲಿಲ್ಲ.”

ನಾನೇನೂ ಕೇಳುತ್ತಿಲ್ಲ ಅಪ್ಪ.

ಕಪ್ಪೆಮರಿ

*

ಜುಲೈ 19

ಕಪ್ಪೆಮರಿಗೆ,

ಇವತ್ತು ನಿನ್ನ ಹುಟ್ಟಿದ ದಿನ. ಮೂವತ್ತನಾಲ್ಕು ತುಂಬಿತು.

ನೀನು ಕೇಳದೆ ಇದ್ದದ್ದಕ್ಕೆ ಉತ್ತರ ಬರೆಯುತ್ತಿದ್ದೇನೆ. ಆ ಹಾಳೆ ನನ್ನದು. ಐ ಬೆಗ್ ಟು ಸ್ಟೇಟ್ ಎಂದು ಶುರು ಮಾಡಿ ನಾಲ್ಕು ಸಲ ಬರೆದು ಹರಿದೆ. ಇಂಗ್ಲಿಷಿನಲ್ಲಿ ಬರೆದರೆ ತಪ್ಪು ಬೇರೆ ಯಾರದೋ ಅನ್ನಿಸುತ್ತದೆ. ಕನ್ನಡದಲ್ಲೇ ಹೇಳುತ್ತೇನೆ.

ಬೇಸಿಗೆಯ ಅಳತೆ ಸರಿಯಾಗಿಯೇ ಮಾಡಿದೆ. ಹನ್ನೊಂದು ಕಲ್ಲು ನೆಡಿಸಿದೆ. ಮಳೆಗಾಲದ ಅಳತೆಯನ್ನು ಜುಲೈ ಇಪ್ಪತ್ತರೊಳಗೆ ಕಳಿಸಬೇಕೆಂದು ದೊಡ್ಡ ಸಾಹೇಬರ ಹುಕುಂ. ಆಗಲೇ ನಿನ್ನಮ್ಮನಿಗೆ ನೋವು ಶುರುವಾಯಿತು ಎಂದು ಅವಳ ತವರಿನಿಂದ ತಂತಿ ಬಂತು. ರೈಲಿನಲ್ಲಿ ಎಂಟು ಗಂಟೆ ದಾರಿ. ಹೋದೆ. ಎರಡು ದಿನವಾದರೂ ಹೆರಿಗೆಯಾಗಲಿಲ್ಲ. ಡಾಕ್ಟರು ಏನೂ ಹೇಳುವ ಹಾಗಿಲ್ಲ ಎಂದರು. ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ಕೂತು ಅಳತೆ ಪುಸ್ತಕ ತೆಗೆದು ಹನ್ನೊಂದು ಗುರುತಿಗೂ ಅಲ್ಲೇ ಆಳ ಬರೆದೆ. ಒಂಬತ್ತಕ್ಕೆ ಸೊನ್ನೆ. ಎಲ್ಲಕ್ಕೂ ಸೊನ್ನೆ ಹಾಕಿದರೆ ಅನುಮಾನ ಬಂದೀತು ಎಂದು ಎರಡು ಕಡೆ ಒಂದೊಂದು ಅಂಗುಲ. ನೋಡು, ಅಷ್ಟು ಬುದ್ಧಿ ಆ ಗಾಬರಿಯಲ್ಲೂ ಇತ್ತು.

ಊರಿಗೆ ಮರಳಿದ ಮೇಲೆ ಹೋಗಿ ಅಳೆದು ಒಂದು ಗೀಟು ಹೊಡೆದು ಸರಿಪಡಿಸೋಣ ಅಂದುಕೊಂಡೆ. ಬಾಣಂತಿಯ ಕಾಹಿಲೆ, ಆಮೇಲೆ ವರ್ಗಾವಣೆ. ಎಷ್ಟೋ ಮಳೆಗಾಲಗಳಲ್ಲಿ ನಿನ್ನಮ್ಮ ಹೇಳುತ್ತಿದ್ದಳು, “ಒಂದ್ಸಲ ಹೋಗಿ ನೋಡ್ಕೊಂಡು ಬನ್ನಿ, ಮನಸ್ಸು ತಣ್ಣಗಾಗತ್ತೆ.” ಅವಳೊಬ್ಬಳಿಗೇ ಗೊತ್ತಿತ್ತು. ನಾನು ಹೋಗಲಿಲ್ಲ. ನೀನು ಅದೇ ಜೌಗಿನ ಕಾವಲಿಗೆ ಸೇರಿದಾಗ ನನಗೆ ಸಿಟ್ಟು ಬಂದದ್ದು ನಿನ್ನ ಮೇಲಲ್ಲ.

ಟ್ರಂಕಿನಿಂದ ಪುಸ್ತಕ ತೆಗೆದೆ. ಬೇಸಿಗೆಯ ಪುಟದ ಮೇಲೆ ಬೆವರಿನ ಕಲೆ, ಕೆಸರಿನ ಬೆರಳಚ್ಚು, ಚಪ್ಪಟೆಯಾದ ಒಂದು ಸೊಳ್ಳೆ. ಮುಂದಿನ ಪುಟ ಹಾಲಿನಷ್ಟು ಶುಭ್ರ. ಮಳೆಗಾಲದಲ್ಲಿ ಜೌಗಿನ ನಡುವೆ ನಿಂತು ಬರೆದ ಪುಟಕ್ಕೆ ಒಂದು ಹನಿಯೂ ತಗುಲಿಲ್ಲ! ಆಗಿನ ದೊಡ್ಡ ಸಾಹೇಬರು ಒಂದು ಸಲ ದಿಟ್ಟಿಸಿ ನೋಡಿದ್ದರೂ ಹಿಡಿಯಬಹುದಿತ್ತು. ಅಂಗುಲ ಸಾಹೇಬರು ಬರೆದದ್ದಲ್ಲವೇ ಎಂದು ನೋಡಲಿಲ್ಲ. ಆ ಪುಟದ ಅಂಚಿನಲ್ಲಿ ಇನ್ನೊಂದು ಬರಹ ಇದೆ. ಅದು ಬೇರೆ ವಿಷಯ.

ನಿನ್ನ ಹುಟ್ಟನ್ನು ಇದಕ್ಕೆ ಗಂಟು ಹಾಕಿಕೊಳ್ಳಬೇಡ. ತಪ್ಪು ಪೆನ್ಸಿಲ್ ಹಿಡಿದವನದು. ಅರವತ್ತು ಮನೆಯ ಮೆಟ್ಟಿಲನ್ನು, ಆ ಮೂರು ಮರಿಗಳನ್ನು ಕಾದದ್ದು ನೀನು, ಅಜ್ಜಿ, ಆ ಜೊಂಡು. ನಾನು ಸೊನ್ನೆ ಬರೆದ ಜಾಗ ಅದು.

ಪುಸ್ತಕ ತರುತ್ತೇನೆ. ವಿಚಾರಣೆಯಲ್ಲಿ ನಾನೇ ಹೇಳುತ್ತೇನೆ. ನೀನು ಬೇಡ ಎಂದರೆ ಪುಸ್ತಕವನ್ನಷ್ಟೇ ಕಳಿಸುತ್ತೇನೆ.

ಅಪ್ಪ

*

ಆಗಸ್ಟ್ 8

ಅಪ್ಪಾ,

ವಿಚಾರಣೆ 20ನೇ ತಾರೀಕು, ಬೆಳಿಗ್ಗೆ ಹನ್ನೊಂದಕ್ಕೆ. ಹಿಂದಿನ ದಿನವೇ ಬಾ. ಮೊಣಕಾಲುದ್ದದ ಬೂಟು ನಿನ್ನ ಅಳತೆಯದು ತಂದಿಟ್ಟಿದ್ದೇನೆ. ಎಂಟನೇ ನಂಬರು ತಾನೆ?

ಕಪ್ಪೆಮರಿ

*

ಆಗಸ್ಟ್ 21

ಟೈಲರಮ್ಮನವರಿಗೆ,

“ಏನಾಯ್ತೂಂತ ಬರೀದೇ ಇದ್ರೆ ಮೆಟ್ಟಿಲು ಹತ್ತೋಕೆ ಬಿಡಲ್ಲ” ಎಂದು ಹೆದರಿಸಿ ಕಳಿಸಿದಿರಿ. ಅದಕ್ಕೇ ಮಗಳ ಕಾವಲು ಮನೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಎದುರಿಗೆ ಕಣ್ಣು ಹಾಯುವ ತನಕ ಜೊಂಡು, ನೀರು. ನಿಮ್ಮ ಅಂಗಡಿಯ ನೀಲಿ ಚೂರುಗಳು ಎರಡು ಮೂರು ಕಡೆ ಈಗಲೂ ಇವೆ. ತಡವಾಗಿ ಮೊಟ್ಟೆಯಿಟ್ಟ ಹಕ್ಕಿಗಳದಂತೆ.

ವಿಚಾರಣೆ ನಡೆದದ್ದು ಶಾಲೆಯ ದೊಡ್ಡ ಕೋಣೆಯಲ್ಲಿ. ಅಧಿಕಾರಿ ಒಬ್ಬ ಹೆಂಗಸು, ಕನ್ನಡಕದ ಮೇಲಿನಿಂದ ನೋಡುವವರು. ನಗರಸಭೆಯ ವಕೀಲರು ಆ ಹಳೆಯ ಹಾಳೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಮೊನ್ನೆಯ ಪ್ರವಾಹದ ಮಾತು ಬಂದಾಗ, “ಅದು ಎಂದೋ ಒಮ್ಮೆ ಬರುವಂಥದ್ದು, ಸರ್ಕಾರಿ ದಾಖಲೆ ಏನು ಹೇಳುತ್ತೆ ನೋಡಿ” ಎಂದರು. ನನ್ನನ್ನು ಕರೆದರು. ದಿ ಅಂಡರ್‌ಸೈನ್ಡ್ ಬೆಗ್ಸ್ ಟು... ಎಂದೆ, ಮುಂದಕ್ಕೆ ಬರಲಿಲ್ಲ. ಅಧಿಕಾರಿಣಿ, “ನೀರು ಕುಡೀರಿ. ಆಮೇಲೆ ನಿಮ್ಮ ಮಾತಲ್ಲೇ ಹೇಳಿ” ಎಂದರು. ಹೇಳಿದೆ. ಎಲ್ಲವನ್ನೂ.

ಆ ಊರಿನಲ್ಲಿ ನನ್ನನ್ನು ಬಲ್ಲ ಮುದುಕರು ಇಬ್ಬರು ಮೂವರು ಇದ್ದರು. ಒಬ್ಬರು ತಲೆ ತಗ್ಗಿಸಿದರು. ಅದು ನನ್ನ ಕಣ್ಣಿಗೆ ಬಿತ್ತು.

ವಕೀಲರು ಎದ್ದರು. “ಮೇಡಂ, ಇವರು ಆ ಕಾವಲುಗಾರ್ತಿಯ ತಂದೆ. ಆಗ ಬರೆದಿದ್ದು ಸತ್ಯ. ಮಗಳಿಗೋಸ್ಕರ ಈಗ ಸುಳ್ಳು ಹೇಳ್ತಿದ್ದಾರೆ.”

ನನಗೆ ನಗು ಬಂತಮ್ಮ. ಸುಳ್ಳು ಬರೆದಾಗ ಎಲ್ಲರೂ ನಂಬಿದರು. ನಿಜ ಹೇಳುವಾಗ ಸಾಕ್ಷಿ ಕೇಳುತ್ತಾರೆ.

ಅಧಿಕಾರಿಣಿ ಎರಡು ಪುಟಗಳನ್ನೂ ಅಕ್ಕಪಕ್ಕ ಹಿಡಿದು, ಬೆರಳಾಡಿಸಿ ನೋಡಿದರು. ಸೊಳ್ಳೆಯನ್ನೂ ನೋಡಿದರು. “ಇಷ್ಟು ಸ್ವಚ್ಛವಾಗಿದೆಯಲ್ಲ ಇದು” ಎಂದರು. ಆಮೇಲೆ ಕೇಳಿದರು, “ಈ ಪುಟದಲ್ಲಿ ನಿಜವಾದ ಅಳತೆ ಒಂದಾದ್ರೂ ಇದೆಯೇನ್ರೀ?”

“ಒಂದಿದೆ ಮೇಡಂ. ಅಂಚಿನಲ್ಲಿ.”

ಅವರು ಪುಸ್ತಕ ತಿರುಗಿಸಿ ಗಟ್ಟಿಯಾಗಿ ಓದಿದರು. “‘ಹೆಣ್ಣು. ಹದಿನೆಂಟು ಮುಕ್ಕಾಲು ಅಂಗುಲ.’ ಏನಿದು?”

“ಹುಟ್ಟಿದ ಕೂಸನ್ನು ನರ್ಸು ತಕ್ಕಡಿಯ ಮೇಲೆ ಮಲಗಿಸಿದ್ರು. ಜೇಬಲ್ಲಿ ಟೇಪು ಇತ್ತು, ಕೈಯಲ್ಲಿ ಪುಸ್ತಕ ಇತ್ತು. ಅಳೆದು ಬರ್ಕೊಂಡೆ. ಅಗೋ, ಮೂರನೇ ಬೆಂಚಲ್ಲಿ ಕೂತಿದ್ದಾಳೆ. ಈಗ ಸ್ವಲ್ಪ ಉದ್ದ ಆಗಿದ್ದಾಳೆ.”

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಎದ್ದು ಬಂದು ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಅವಳ ಜನನ ಪತ್ರ. ಅವಳೇ ಯೋಚಿಸಿ ತಂದಿದ್ದಳು, ನನಗೆ ಹೊಳೆದೇ ಇರಲಿಲ್ಲ. ಜೌಗು ಅಳೆದೆ ಎಂದು ನಾನು ಬರೆದ ತಾರೀಕು, ಅವಳು ಹುಟ್ಟಿದ ತಾರೀಕು ಎರಡೂ ಒಂದೇ. ಆಸ್ಪತ್ರೆಯ ಊರು ಅಲ್ಲಿಂದ ಎಂಟು ಗಂಟೆ ದೂರ. ವಕೀಲರು ಮೂರು ಸಲ ಓದಿ ಕೂತರು.

ಮಳೆಗಾಲದ ಅಳತೆಯನ್ನು ಹೊಸದಾಗಿ ಮಾಡಬೇಕು, ಅಲ್ಲಿಯ ತನಕ ಒಂದು ಬುಟ್ಟಿ ಮಣ್ಣೂ ಬೀಳಕೂಡದು ಎಂದು ಅಪ್ಪಣೆಯಾಯಿತು. ಅಳೆಯುವುದು ಈಗಿನ ಮೋಜಣಿದಾರ. ಹಳೆಯ ಗುರುತು ತೋರಿಸಲು ನಾನೂ ಹೋಗಬೇಕಂತೆ, ನಾಡಿದ್ದು. ನನ್ನ ಮೇಲೆ ಇಲಾಖೆಗೆ ವರದಿ ಹೋಗುತ್ತದೆ. ಹೋಗಲಿ, ಅದು ಹೋಗಬೇಕಾದದ್ದೇ.

ಹೊರಗೆ ಬಂದಾಗ ಕುಡುಗೋಲಜ್ಜಿ ಕಾಯುತ್ತಿದ್ದಳು. ನಿಮಗಿಂತ ಜೋರು, ಟೈಲರಮ್ಮ. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಬಂದ್ರಾ? ದೋಣಿ ತೊಳ್ದು ಮೂವತ್ತನಾಲ್ಕು ವರ್ಷ ಆಯ್ತು. ಮತ್ತೆ ತೊಳೀಬೇಕು” ಎಂದಳು. ಅಷ್ಟೇ. ತಿರುಗಿಕೊಂಡು ಹೊರಟಳು, ತೊಳೆಯುವುದಕ್ಕೆ.

ನನ್ನ ಕೊಡೆಯನ್ನು ನಿಮ್ಮ ಅಂಗಡಿಯಲ್ಲೇ ಬಿಟ್ಟು ಬಂದಿದ್ದೇನೆ. ಯುವರ್ಸ್ ಒಬೀಡಿಯೆಂಟ್ಲಿ ಎಂದು ಬರೆಯುವುದು ಮೇಲಧಿಕಾರಿಗಳಿಗೆ. ಆದ್ದರಿಂದ ಹಾಗೇ ಬರೆಯುತ್ತೇನೆ.

ಯುವರ್ಸ್ ಒಬೀಡಿಯೆಂಟ್ಲಿ,
ಮೇಲಿನ ಕೋಣೆಯ ಸಾಹೇಬರು

*

ಸೆಪ್ಟೆಂಬರ್ 26

ಕಪ್ಪೆಮರಿಗೆ,

ಆದೇಶದ ಪ್ರತಿ, ಪುಸ್ತಕ ಎರಡೂ ಬಂದವು. ಈ ಸಲ ಟೈಲರಮ್ಮನ ಅಂಗಡಿಯಲ್ಲೇ ನಿಂತು ಓದಿದೆ, ಗಟ್ಟಿಯಾಗಿ. ‘ನಿರುಪಯುಕ್ತ’ ಎಂಬ ಪದಕ್ಕೆ ಒಂದು ಗೀಟು ಹೊಡೆದು ಪಕ್ಕದಲ್ಲಿ ‘ಪ್ರವಾಹದ ನೀರು ಹಿಡಿಯುವ ಜೌಗು, ತುಂಬತಕ್ಕದ್ದಲ್ಲ’ ಎಂದು ಬರೆದಿದ್ದಾರೆ. ಒಂದೇ ಗೀಟು, ಅಳಿಸಿಲ್ಲ. ಕೆಲಸ ಬಲ್ಲವರು. “ಅಂದ್ರೆ ನೀರುಕೋಳಿ ಮನೆ ಖಾಲಿ ಮಾಡ್ಬೇಕಾಗಿಲ್ವಾ?” ಎಂದಳು ಟೈಲರಮ್ಮ. ಇಲ್ಲ ಎಂದೆ. ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಕಾಲರು ಸರಿಯಿಲ್ಲ ಎಂದು ಬೈದಳು.

ಇಲಾಖೆಯಿಂದ ನನಗೂ ಒಂದು ಕಾಗದ ಬಂದಿದೆ. ಕಟುವಾಗಿದೆ. ಭಾಷೆ ಚೆನ್ನಾಗಿದೆ. ಹಿತ್ತಾಳೆ ಫಲಕವನ್ನು ಗೋಡೆಯಿಂದ ಇಳಿಸಿದೆ. ಗೋಡೆ ಈಗ ಸ್ವಲ್ಪ ಬೆಳ್ಳಗೆ ಕಾಣುತ್ತದೆ.

ಆ ದಿನ ನೀರಿನಲ್ಲಿ ಇಳಿದದ್ದನ್ನು ದಿನವೂ ನೆನೆಯುತ್ತೇನೆ. ನೀನು ತಂದಿಟ್ಟ ಬೂಟು ಯಾತಕ್ಕೂ ಬರಲಿಲ್ಲ, ಎರಡೇ ಹೆಜ್ಜೆಗೆ ಅದರೊಳಗೆ ಹೊಳೆಯೇ ತುಂಬಿತು. ನೀನು ಕೋಲು ಹಿಡಿದೆ, ಆ ಹೊಸ ಮೋಜಣಿದಾರ ಓದಿದ, ಅಜ್ಜಿ ದೋಣಿ ನಿಲ್ಲಿಸಿದಳು. ನನಗೆ ಬರೆಯುವ ಕೆಲಸ ಮಾತ್ರ, ಅದೇ ಹಳೆಯ ಪುಸ್ತಕದಲ್ಲಿ. ಒಂದನೆಯ ಗುರುತು ಎರಡು ಅಡಿ ಎಂಟು. ಎರಡನೆಯದು ಮೂರು ಅಡಿ. ನಾನು ಸೊನ್ನೆ ಬರೆದ ಒಂದು ಜಾಗದಲ್ಲಿ ನಾಲ್ಕು ಅಡಿ. ಏಳನೆಯ ಕಲ್ಲಿನ ಹತ್ತಿರ ನೀರುನಾಯಿ ತಲೆ ಎತ್ತಿ ನೋಡಿ, ಇವರೇನು ಈಗ ಬಂದರು ಎನ್ನುವ ಹಾಗೆ ಮುಳುಗಿತು. ಅಂಥ ಊರನ್ನು ನೀನು ಕಾಯುತ್ತಿದ್ದೀಯ. ನನ್ನ ಕೆಲಸದ ಮೂವತ್ತೆಂಟು ವರ್ಷದಲ್ಲಿ ಅಷ್ಟು ಚೆನ್ನಾದ ನೆಲವನ್ನು ನಾನು ಅಳೆದಿಲ್ಲ.

ಆ ಏಳನೆಯ ಕಲ್ಲಿನ ಹತ್ತಿರವೇ ನನ್ನ ಕಾಲು ಕೆಸರಿನಲ್ಲಿ ಹೂತಿತು, ಪುಸ್ತಕವನ್ನು ನೀನು ಸ್ವಲ್ಪ ಹೊತ್ತು ತೆಗೆದುಕೊಂಡೆ. ಏನೋ ಬರೆದೆ. ಅಳತೆ ಇರಬೇಕು ಅಂದುಕೊಂಡೆ. ಆಮೇಲೆ ಪುಸ್ತಕ ಅಧಿಕಾರಿಗಳ ಹತ್ತಿರ ಹೋಯಿತು.

ಈಗ ಬಿಚ್ಚಿ ನೋಡಿದೆ. ಪುಟ ನೀರು ಕುಡಿದು ಉಬ್ಬಿದೆ, ಒಂದು ಮೂಲೆಯಲ್ಲಿ ಕೆಸರು, ಅಜ್ಜಿಯ ಹೆಬ್ಬೆರಳು. ಏಳನೆಯ ಗುರುತಿನ ಎದುರು ಅಂಚಿನಲ್ಲಿ ನಿನ್ನ ಅಕ್ಷರ.

‘ಗಂಡು. ನೀರಿನಿಂದ ಮೇಲಕ್ಕೆ ಎರಡು ಅಡಿ.’

ಅಲ್ಲಿಯ ಆಳ ಮೂರು ಅಡಿ ಐದು ಅಂಗುಲ. ನನ್ನ ಎತ್ತರ ಐದು ಅಡಿ ಆರು. ಒಂದು ಅಂಗುಲ ಕಡಿಮೆ ಬಂದಿದೆ, ಕಾಲು ಕೆಸರಿನಲ್ಲಿ ಹೂತಿದ್ದನ್ನು ನೀನು ಸೇರಿಸಿಲ್ಲ. ಕೆಂಪು ಶಾಯಿಯ ಪೆನ್ನು ಕೈಯಲ್ಲೇ ಇತ್ತು. ಮುಚ್ಚಳ ಹಾಕಿ ಇಟ್ಟೆ.

ಪುಸ್ತಕವನ್ನು ಟ್ರಂಕಿನಲ್ಲಿ, ನಿನ್ನಮ್ಮ ಇಟ್ಟಿದ್ದ ಜಾಗದಲ್ಲೇ ಇಟ್ಟಿದ್ದೇನೆ. ಸೀರೆಗಳಿಗೆ ಕೆಸರಿನ ವಾಸನೆ ಹತ್ತುತ್ತದೆ. ಹತ್ತಲಿ.

ನಿನ್ನ ಅಪ್ಪ